ಕಟ್ಟದೆ ಬಿಟ್ಟ ಎಂಟನೆಯ ಮನೆ

ನವಿ ಮುಂಬಯಿಯ ಬೇಲಾಪುರದ ಆರ್ಟಿಸ್ಟ್ ವಿಲೇಜ್ ಬಗ್ಗೆ ಎರಡು ಬಗೆಯ ಮಾತು ಚಾಲ್ತಿಯಲ್ಲಿದೆ. ಮೊದಲನೆಯದು ದುಃಖದ ಮಾತು. ಚಾರ್ಲ್ಸ್ ಕೊರಿಯಾ ಕಟ್ಟಿಸಿದ ಹೆಂಚಿನ ಮಾಡಿನ ಚಂದದ ಮನೆಗಳನ್ನು ಜನ ಕೆಡವಿ ಟೈಲ್ಸು, ಗ್ರಿಲ್ಲು, ಕಾಂಕ್ರೀಟು ಹಾಕಿಕೊಂಡರು, ಒಂದು ಶ್ರೇಷ್ಠ ಕೃತಿ ಹಾಳಾಯಿತು ಎಂಬುದು ಇದರ ಸಾರ. ಎರಡನೆಯದು ಹೆಗಲು ಹಾರಿಸುವ ಮಾತು. ಮನೆಗಳು ಬೆಳೆಯಲೆಂದೇ ಕೊರಿಯಾ ಅವನ್ನು ಹಾಗೆ ಕಟ್ಟಿಸಿದ್ದರು, ಆದ್ದರಿಂದ ಯಾರು ಏನು ಕಟ್ಟಿಕೊಂಡರೂ ಅದು ಅವರ ಯೋಜನೆಯ ಮುಂದುವರಿಕೆಯೇ, ತಕರಾರು ಯಾತಕ್ಕೆ ಎಂಬುದು ಇದರ ಸಾರ. ಮೊದಲಿನದನ್ನು ಹೆಚ್ಚಾಗಿ ವಾಸ್ತುಶಿಲ್ಪಿಗಳು ಆಡುತ್ತಾರೆ, ಎರಡನೆಯದನ್ನು ಬಿಲ್ಡರುಗಳು. ಎರಡೂ ತಪ್ಪು. ತಪ್ಪಿನ ಬೇರು ಒಂದೇ: ಇಬ್ಬರ ಕಣ್ಣೂ ಮನೆಯ ಮೇಲಿದೆ. ಅಲ್ಲಿ ಕಾಪಾಡಬೇಕಾದದ್ದು ಇರುವುದು ಮನೆಗಳ ನಡುವೆ.

ಮೊದಲು ಅಲ್ಲಿ ಏನು ಕಟ್ಟಿದರು ಎಂಬುದನ್ನು ನೋಡಬೇಕು. 1983ರಿಂದ 86ರ ನಡುವೆ ಸಿಡ್ಕೋಗಾಗಿ ಕಟ್ಟಿದ ಈ ಬಡಾವಣೆ ಸುಮಾರು 6 ಹೆಕ್ಟೇರಿನಲ್ಲಿದೆ, ಸುಮಾರು 550 ಕುಟುಂಬಗಳಿಗೆಂದು ಮಾಡಿದ್ದು. ನಿವೇಶನಗಳು 45ರಿಂದ 75 ಚದರ ಮೀಟರ್, ಅಂದರೆ ಹೆಚ್ಚು ಕಡಿಮೆ 480ರಿಂದ 800 ಚದರ ಅಡಿ. ಕಡಿಮೆ ಸಂಬಳದವನ ಸೈಟಿಗೂ ಹೆಚ್ಚು ಸಂಬಳದವನ ಸೈಟಿಗೂ ವ್ಯತ್ಯಾಸ ಎರಡು ಪಟ್ಟೂ ಇಲ್ಲ. ಏಳು ಮನೆಗಳು ಸುಮಾರು 8 ಮೀಟರ್ ಉದ್ದ, 8 ಮೀಟರ್ ಅಗಲದ ಒಂದು ಅಂಗಳವನ್ನು ಸುತ್ತುವರಿದು ನಿಲ್ಲುತ್ತವೆ. ಇಂಥ ಮೂರು ಗುಂಪು ಸೇರಿ 21 ಮನೆಗಳಾದಾಗ ನಡುವೆ 12 ಮೀಟರಿನ ಇನ್ನೊಂದು ಅಂಗಳ. ಅಂಥವು ಮೂರು ಸೇರಿದಾಗ 20 ಮೀಟರಿನ ಮತ್ತೊಂದು. ಹೀಗೆ ಹೊಸಿಲಿನಿಂದ ಅಂಗಳಕ್ಕೆ, ಅಂಗಳದಿಂದ ಬಯಲಿಗೆ, ಬಯಲಿನಿಂದ ಶಾಲೆ ಅಂಗಡಿಗಳ ಕಡೆಗೆ ದಾರಿ ತೆರೆದುಕೊಳ್ಳುತ್ತ ಹೋಗುತ್ತದೆ.

ಇನ್ನೊಂದು ನಿಯಮ ಸಣ್ಣದು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು. ಯಾವ ಮನೆಯೂ ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಳ್ಳುವುದಿಲ್ಲ. ಗೋಡೆ ಬೇರೆಯಾದರೆ, ಇವತ್ತು ದುಡ್ಡಿಲ್ಲದವನು ಒಂದೇ ಕೋಣೆಯಲ್ಲಿದ್ದು, ಮಗಳ ಮದುವೆಯ ಹೊತ್ತಿಗೆ ಮೇಲೊಂದು ಕೋಣೆ ಕಟ್ಟಿಕೊಳ್ಳಬಹುದು. ನೆರೆಯವನ ಒಪ್ಪಿಗೆಗೆ ಕಾಯಬೇಕಿಲ್ಲ, ಅವನ ಗೋಡೆ ಬಿರುಕು ಬಿಡುವ ಭಯವೂ ಇಲ್ಲ. ಕಟ್ಟುವ ತಂತ್ರವನ್ನೂ ಸ್ಥಳೀಯ ಮೇಸ್ತ್ರಿಯ ಕೈಗೆ ಎಟುಕುವಷ್ಟು ಸರಳವಾಗಿಯೇ ಇಟ್ಟಿದ್ದರು. ಮನೆ ಬದಲಾಗುತ್ತದೆ ಎಂಬುದು ಈ ಯೋಜನೆಯ ಅಡಿಪಾಯ. ಹಾಗಾಗಿ ಹೆಂಚು ಹೋಯಿತೆಂದು ಅಳುವವರು ಕೊರಿಯಾ ಅವರ ಪುಸ್ತಕದ ಫೋಟೋ ನೋಡಿದ್ದಾರೆಯೇ ಹೊರತು ಪುಸ್ತಕ ಓದಿಲ್ಲ ಎನ್ನಬೇಕಾಗುತ್ತದೆ. ಕೊಂಕಣದ ಮಳೆಗೆ ಹೆಂಚು ಸೋರುತ್ತದೆ, ರೀಪು ಕೊಳೆಯುತ್ತದೆ, ಇದ್ದ ಒಂದು ಮಹಡಿ ಸಾಲದಾಗುತ್ತದೆ. ಆ ಮನೆಯಲ್ಲಿ ಬದುಕುವವರು ಮ್ಯೂಸಿಯಮ್ಮಿನ ಕಾವಲುಗಾರರಲ್ಲ.

ಹಾಗಾದರೆ ಉಳಿಯಬೇಕಾದದ್ದು ಯಾವುದು? 8 ಮೀಟರಿನ ಅಂಗಳವೆಂದರೆ 64 ಚದರ ಮೀಟರ್. ಒಂದು ಮನೆಯ ನಿವೇಶನ 45ರಿಂದ 75. ಅಂದರೆ ಆ ಅಂಗಳ ಸರಿಯಾಗಿ ಒಂದು ಮನೆಯ ಅಳತೆ. ಏಳು ಮನೆ ಕಟ್ಟಿ ಎಂಟನೆಯದನ್ನು ಕಟ್ಟದೆ ಬಿಟ್ಟರು, ಬಿಟ್ಟದ್ದನ್ನು ಏಳು ಮನೆಗೂ ಕೊಟ್ಟರು. ಮುಂಬಯಿಯ ಹವೆಯಲ್ಲಿ ವರ್ಷದ ಬಹುಭಾಗ ಆಕಾಶದ ಕೆಳಗೆ ಕೂರಬಹುದು, ಮಲಗಬಹುದು, ಅಕ್ಕಿ ಆರಿಸಬಹುದು. ಹಾಗಾಗಿ ಬಡವನಿಗೆ ಬಯಲೂ ಒಂದು ಕೋಣೆಯೇ ಎಂಬುದು ಕೊರಿಯಾ ಜೀವನವಿಡೀ ಮಂಡಿಸಿದ ವಾದ. ತೊಟ್ಟಿಮನೆಯಲ್ಲೋ ವಠಾರದಲ್ಲೋ ಬೆಳೆದ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 480 ಚದರ ಅಡಿಯ ಮನೆಯವನಿಗೆ ಅಂಗಳ ಸೇರಿದರೆ ಅವನ ಮನೆ ದೊಡ್ಡದು. ಅಂಗಳ ಕಳೆದರೆ ಅದು ಗೂಡು.

ಈ ಎಂಟನೆಯ ಮನೆಗೆ ಕಾಗದದಲ್ಲಿ ಬೆಲೆಯಿಲ್ಲ. ಎಫ್‌ಎಸ್‌ಐ ಎಂಬುದು ಮುಂಬಯಿ ಸೀಮೆಯ ಪ್ರತಿ ಮನೆಮಾತಿನಲ್ಲೂ ಇರುವ ಪದ. ಬೆಂಗಳೂರಿನವರು ಅದನ್ನೇ ಎಫ್‌ಎಆರ್ ಎನ್ನುತ್ತಾರೆ. ಕಟ್ಟಿದ ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಈ ಲೆಕ್ಕದಲ್ಲಿ ಕಟ್ಟಿದ್ದಷ್ಟೇ ಆಸ್ತಿ. ಕಟ್ಟದೆ ಇದ್ದದ್ದು ‘ಬಳಸದೆ ಉಳಿದ ಎಫ್‌ಎಸ್‌ಐ’. ಬಳಸದೆ ಉಳಿದದ್ದು ಎಂದು ಹೆಸರಿಟ್ಟ ಕೂಡಲೆ ಅದನ್ನು ಬಳಸುವುದು ಜಾಣತನವಾಗಿಬಿಡುತ್ತದೆ. ದಿನವೂ ಏಳು ಮನೆಯವರು ಬಳಸುವ ಜಾಗವನ್ನು ಬಳಸದ ಜಾಗ ಎಂದು ಕರೆಯುವ ಭಾಷೆ ಇದು. ಕನ್ನಡದಲ್ಲಿ ಬಯಲು ಬೇರೆ, ಖಾಲಿ ಬೇರೆ. ನಗರಸಭೆಯ ಕಡತದಲ್ಲಿ ಎರಡೂ ಒಂದೇ.

ಅಂಗಳವನ್ನು ಕಸಿಯಲು ಅದರ ಮೇಲೆ ಕಟ್ಟಬೇಕೆಂದೂ ಇಲ್ಲ, ಸುತ್ತ ಎತ್ತರಕ್ಕೆ ಕಟ್ಟಿದರೆ ಸಾಕು. ಲೆಕ್ಕ ಸರಳ. ನವಿ ಮುಂಬಯಿ ಇರುವುದು ಸುಮಾರು 19 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ 47 ಡಿಗ್ರಿಯ ಆಸುಪಾಸಿನಲ್ಲಿರುತ್ತಾನೆ. ಆಗ 6 ಮೀಟರ್ ಎತ್ತರದ, ಅಂದರೆ ಎರಡಂತಸ್ತಿನ ಮನೆಯ ನೆರಳು ಸುಮಾರು ಐದೂವರೆ ಮೀಟರ್. 8 ಮೀಟರಿನ ಅಂಗಳದಲ್ಲಿ ಇನ್ನೂ ಎರಡೂವರೆ ಮೀಟರ್ ಬಿಸಿಲು ಉಳಿಯುತ್ತದೆ. ಅಜ್ಜಿ ಬೆನ್ನು ಕಾಯಿಸಿಕೊಳ್ಳಲು ಅಷ್ಟು ಸಾಕು. ಅಂಗಳದ ದಕ್ಷಿಣದ ಮನೆ ನಾಲ್ಕು ಅಂತಸ್ತಾಗಿ 12 ಮೀಟರ್ ಏರಿದರೆ ನೆರಳು 11 ಮೀಟರ್. ಅಂಗಳ ಪೂರ್ತಿ ಮುಳುಗಿ ಎದುರು ಮನೆಯ ಗೋಡೆಯನ್ನೂ ನೆರಳು ಹತ್ತುತ್ತದೆ. ಬಿಸಿಲ ನಾಡಿನಲ್ಲಿ ನೆರಳು ಒಳ್ಳೆಯದಲ್ಲವೇ ಎಂದು ಕೇಳಬಹುದು. ನಾಲ್ಕು ತಿಂಗಳ ಮಳೆಗೆ ಪಾಚಿ ಕಟ್ಟಿದ ಗೋಡೆ ಒಣಗಿಸಲು ಹೆಣಗುವವರನ್ನು ಈ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಬಿಸಿಲಿನ ಬಳಿಕ ಗಾಳಿ ಹೋಗುತ್ತದೆ. ಗಾಳಿ ಹೋದ ಅಂಗಳದಲ್ಲಿ ಯಾರೂ ಕೂರುವುದಿಲ್ಲ. ಯಾರೂ ಕೂರದ ಅಂಗಳಕ್ಕೆ ಕಾರು ಬಂದು ನಿಲ್ಲುತ್ತದೆ, ಅದರ ಹಿಂದೆಯೇ ಗೇಟು ಬರುತ್ತದೆ. ಹೀಗೆ ಎಂಟನೆಯ ಮನೆಯನ್ನು ಯಾರೂ ಕದಿಯದೆ ಅದು ಇಲ್ಲವಾಗುತ್ತದೆ.

ಇದನ್ನು ತಡೆಯುವ ಉಪಾಯ ಹುಡುಕುವಾಗ ಇಂಗ್ಲೆಂಡಿನ ಕಡೆ ನೋಡುವುದು ಲೇಸು. ಸಾಲುಮನೆಗಳನ್ನು ಕಾಪಾಡುವ ಕಸುಬಿನಲ್ಲಿ ಆ ದೇಶಕ್ಕೆ ಹೆಚ್ಚು ಅನುಭವವಿದೆ, ಮತ್ತು ನಮ್ಮ ಸಂರಕ್ಷಣಾಪ್ರಿಯರ ಕಣ್ಣಲ್ಲಿರುವ ಮಾದರಿಯೂ ಬಹುಪಾಲು ಅಲ್ಲಿಯದೇ. ಕನ್ನಡದಲ್ಲಿ ಟೆರೇಸ್ ಎಂದರೆ ಹಪ್ಪಳ ಒಣಹಾಕುವ ತಾರಸಿ. ಅಲ್ಲಿ ಟೆರೇಸ್ ಎಂದರೆ ಗೋಡೆಗೆ ಗೋಡೆ ಅಂಟಿ ನಿಂತ ಮನೆಗಳ ಸಾಲು. ಬಾತ್ ಪಟ್ಟಣದ ರಾಯಲ್ ಕ್ರೆಸೆಂಟ್ ಈ ಜಾತಿಯಲ್ಲಿ ಹೆಸರುವಾಸಿ. ಜಾನ್ ವುಡ್ ಎಂಬ ಕಿರಿಯ ವುಡ್ 1767ರಿಂದ 1774ರವರೆಗೆ ಕಟ್ಟಿಸಿದ 30 ಮನೆಗಳ ಅರ್ಧಚಂದ್ರ ಅದು. ವುಡ್ ಖಚಿತವಾಗಿ ರೂಪಿಸಿದ್ದು ಮುಂಭಾಗವನ್ನು ಮಾತ್ರ. ಕೊಂಡವರು ಅದರ ಒಂದೊಂದು ತುಂಡನ್ನು ಕೊಂಡು, ಹಿಂದೆ ತಮ್ಮ ತಮ್ಮ ಇಷ್ಟದಂತೆ ಮನೆ ಕಟ್ಟಿಸಿಕೊಂಡರು. ಎದುರಿನಿಂದ ನೋಡಿದರೆ ಒಂದೇ ಅರಮನೆ, ಹಿತ್ತಲಿನಿಂದ ನೋಡಿದರೆ ಮೂವತ್ತು ಮನೆಯ ಮೂವತ್ತು ಬುದ್ಧಿ. ಆ ಮುಂಭಾಗದ ಏಕರೂಪವನ್ನು ಅಲ್ಲಿನವರು ಎಷ್ಟು ಹಚ್ಚಿಕೊಂಡರೆಂದರೆ, 1970ರ ದಶಕದಲ್ಲಿ 22ನೇ ನಂಬರಿನ ಒಡತಿ ಬಾಗಿಲಿಗೆ ಹಳದಿ ಬಣ್ಣ ಬಳಿದದ್ದಕ್ಕೆ ನಗರಸಭೆ ನೋಟಿಸು ಕೊಟ್ಟಿತ್ತು. ಆಕೆ ಹೋರಾಡಿ ಗೆದ್ದರು, ಬಾಗಿಲು ಹಳದಿಯಾಗಿಯೇ ಉಳಿಯಿತು.

ಬೇಲಾಪುರದ ಹೆಂಚಿಗೆ ಅಳುವವರು ಈ ಹಳದಿ ಬಾಗಿಲಿನ ನಗರಸಭೆಯ ಕಣ್ಣಿನಿಂದ ನೋಡುತ್ತಿದ್ದಾರೆ. ಆದರೆ ಎರಡು ಕಡೆಯ ವ್ಯಾಕರಣವೇ ಬೇರೆ. ಕ್ರೆಸೆಂಟಿನಲ್ಲಿ ಮುಖ ಸ್ಥಿರ, ಒಡಲು ಬದಲಾಗುವಂಥದ್ದು. ಬೇಲಾಪುರದಲ್ಲಿ ಮುಖ, ಒಡಲು ಎರಡೂ ಬದಲಾಗುವಂಥವು, ಸ್ಥಿರವಾಗಿರಬೇಕಾದದ್ದು ಸಂದು. ಬಾಗಿಲಿಗೆ ಹಳದಿ ಬಳಿಯಲಿ, ನೇರಳೆ ಬಳಿಯಲಿ, ಮನೆಯನ್ನೇ ಕೆಡವಿ ಬೇರೆ ಕಟ್ಟಲಿ, ಅಂಗಳಕ್ಕೆ ಬಿಸಿಲು ಬೀಳುತ್ತಿದ್ದರೆ ಬಡಾವಣೆ ಕೆಟ್ಟಿಲ್ಲ. ಇಂದಿಗೂ ಅನೇಕ ಮನೆಗಳು ಗುರುತು ಸಿಗದಷ್ಟು ಬದಲಾಗಿದ್ದರೂ ಅಂಗಳಗಳ ಜಾಲ ದೊಡ್ಡಮಟ್ಟಿಗೆ ಉಳಿದುಕೊಂಡಿದೆ. ಅಂದರೆ ಯೋಜನೆ ಸತ್ತಿಲ್ಲ. ಸತ್ತಿತೆಂದು ಸಾರುವುದು ಬಿಲ್ಡರಿಗೆ ಅನುಕೂಲ; ಹೆಂಚಿನ ಪ್ರೇಮಿಗಳು ತಿಳಿಯದೆ ಅವನ ಕೆಲಸ ಮಾಡಿಕೊಡುತ್ತಿದ್ದಾರೆ.

ಇಂಗ್ಲೆಂಡಿನಿಂದ ಕಲಿಯಬೇಕಾದದ್ದು ಬಾಗಿಲಿನ ಬಣ್ಣವನ್ನಲ್ಲ, ಮೂರು ಕಾನೂನುಗಳನ್ನು. ಮೊದಲನೆಯದು ನಡುಗೋಡೆಯದು. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟ ಮೇಲೆ, ಮನೆ ಮನೆಯ ನಡುವಿನ ಗೋಡೆ ಹೇಗಿರಬೇಕೆಂದು ಕಾನೂನು ಹೇಳತೊಡಗಿತು. ಆ ಪರಂಪರೆಯ ಈಚಿನ ರೂಪ 1996ರ ಪಾರ್ಟಿ ವಾಲ್ ಕಾಯಿದೆ. ಹಂಚಿಕೊಂಡ ಗೋಡೆಯನ್ನು ಮುಟ್ಟುವ ಮುಂಚೆ ನೆರೆಯವನಿಗೆ ಎರಡು ತಿಂಗಳ ನೋಟಿಸು ಕೊಡಬೇಕು, ತಕರಾರಿದ್ದರೆ ಸರ್ವೇಯರ್ ತೀರ್ಮಾನಿಸುತ್ತಾನೆ. ಎರಡನೆಯದು ಲೀಸಿನದು. ಬೆಡ್‌ಫರ್ಡ್ ಡ್ಯೂಕರಂಥ ಜಮೀನ್ದಾರರು ಲಂಡನ್ನಿನ ತಮ್ಮ ನೆಲವನ್ನು ಮಾರದೆ ದೀರ್ಘಾವಧಿ ಲೀಸಿಗೆ ಕೊಟ್ಟು, ಕರಾರಿನಲ್ಲಿ ಷರತ್ತು ಬರೆದು ಸಾಲುಮನೆಗಳನ್ನು ಹತೋಟಿಯಲ್ಲಿಟ್ಟರು. ಮೂರನೆಯದು ಬಯಲಿನದು. ಸಾಲುಮನೆಗಳ ನಡುವಿನ ಚೌಕದ ತೋಟಗಳ ಮೇಲೆ 1920ರ ದಶಕದಲ್ಲಿ ಕಟ್ಟಡಗಳು ಏಳತೊಡಗಿದವು. ಯೂಸ್ಟನ್ ಬಳಿಯ ಎಂಡ್‌ಸ್ಲೀ ಗಾರ್ಡನ್ಸ್ ಹಾಗೆ ಹೋಯಿತು. ಕೂಗೆದ್ದಿತು, ಆಯೋಗ ಕೂತಿತು, 1931ರಲ್ಲಿ ಲಂಡನ್ ಚೌಕಗಳ ಸಂರಕ್ಷಣಾ ಕಾಯಿದೆ ಬಂದು 461 ಬಯಲುಗಳಿಗೆ ರಕ್ಷಣೆ ಕೊಟ್ಟಿತು. ಅವುಗಳಲ್ಲಿ ಎಷ್ಟೋ ತೋಟಗಳಿಗೆ ಬೀಗವಿದೆ, ಸುತ್ತಲಿನ ನಿವಾಸಿಗಳ ಕೈಯಲ್ಲಷ್ಟೇ ಕೀಲಿ ಇದೆ ಎಂಬುದು ಬೇರೆ ಮಾತು. ಬೀಗ ನಮಗೆ ಬೇಡ. ಆದರೆ ಕಟ್ಟದ ಜಾಗಕ್ಕೂ ಕಾನೂನಿನ ಹೆಸರು, ನಂಬರು, ರಕ್ಷಣೆ ಕೊಡಬಹುದು ಎಂಬುದಕ್ಕೆ ಅದು ಸಾಕ್ಷಿ.

ಭಾರತದ ಕಾನೂನಿಗೆ ಈ ಕಣ್ಣಿಲ್ಲ. 1958ರ ಕೇಂದ್ರದ ಸ್ಮಾರಕ ಕಾಯಿದೆಯ ಪ್ರಕಾರ ಸ್ಮಾರಕಕ್ಕೆ 100 ವರ್ಷವಾದರೂ ಆಗಿರಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ಕಟ್ಟಿದ ಹಾಲ್ ಆಫ್ ನೇಷನ್ಸನ್ನು 2017ರ ಏಪ್ರಿಲ್‌ನಲ್ಲಿ ಉರುಳಿಸಿದಾಗ, 60 ವರ್ಷ ತುಂಬದ ಕಟ್ಟಡ ಪರಂಪರೆಯಲ್ಲ ಎಂಬ ಮಾತೇ ಅದಕ್ಕೆ ಮುಳುವಾಯಿತು. ಅದೇ ರೇವಾಲ್ ಬೇಲಾಪುರದ ಪಕ್ಕದ ನೆರೂಲ್‌ನಲ್ಲೂ ಸಿಡ್ಕೋಗಾಗಿ ತಗ್ಗಿನ, ಒತ್ತಾದ, ಅಂಗಳಗಳ ಬಡಾವಣೆಯೊಂದನ್ನು ಕಟ್ಟಿದ್ದಾರೆ. ಅದಕ್ಕೂ 60 ಆಗಿಲ್ಲ. ಮುಂಬಯಿಗೆ 1995ರಲ್ಲೇ ಪರಂಪರೆ ನಿಯಮ ಬಂದಿತ್ತು, ಆದರೆ ಅದು ಬೃಹನ್ಮುಂಬಯಿಗೆ. ಖಾಡಿಯ ಈಚೆಗಿನ ಊರುಗಳಿಗೆ ಪರಂಪರೆಯೇ ಇಲ್ಲವೆಂಬ ಭಾವನೆ ಕಚೇರಿಗಳಲ್ಲಿ ಮಾತ್ರವಲ್ಲ, ಊರವರಲ್ಲೂ ಇದೆ. ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಎಂದರೆ ರೈಲು ಹತ್ತಿ ಬಿಟ್ಟುಬರುವ ಜಾಗ, ಅಲ್ಲಿ ಕಾಪಾಡುವುದೇನಿದೆ?

ಇದೆ. ನವಿ ಮುಂಬಯಿ ಒಂದು ಮಾತು ಕೊಟ್ಟು ಹುಟ್ಟಿದ ಊರು. ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಶ್ ಪಟೇಲ್ ಮೂವರೂ 1960ರ ದಶಕದಲ್ಲಿ ಖಾಡಿಯಾಚೆ ಹೊಸ ನಗರ ಬೇಕೆಂದು ವಾದಿಸಿದರು. 1970ರಲ್ಲಿ ಸಿಡ್ಕೋ ಹುಟ್ಟಿತು, 95 ಹಳ್ಳಿಗಳ ನೆಲವನ್ನು ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಲಾಯಿತು. ಅದು ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನ ಪಾತಿ, ಮೀನಿನ ದಡ. ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ನಡೆದ ಚಳವಳಿಯ ಮೇಲೆ 1984ರ ಜನವರಿಯಲ್ಲಿ ಉರಣ್ ಸೀಮೆಯಲ್ಲಿ ಗುಂಡು ಹಾರಿತು, ಐವರು ಸತ್ತರು. ಬೇಲಾಪುರದ ಅಂಗಳಗಳಿಗೆ ಅಡಿಪಾಯ ಬೀಳುತ್ತಿದ್ದುದು ಅದೇ ವರ್ಷಗಳಲ್ಲಿ. ರೈತನಿಂದ ನೆಲ ಪಡೆದದ್ದಕ್ಕೆ ಸರಕಾರ ಕೊಟ್ಟ ಸಮರ್ಥನೆ ಒಂದೇ: ಇಲ್ಲಿ ಬಡವನಿಗೂ ಮನೆ ಸಿಗುತ್ತದೆ, ಎಲ್ಲರಿಗೂ ಸೇರಿದ ಬಯಲಿರುತ್ತದೆ. ಆ ಮಾತನ್ನು ನೆಲದ ಮೇಲೆ ಅಕ್ಷರಶಃ ಬರೆದಿಟ್ಟ ಕೆಲವೇ ಜಾಗಗಳಲ್ಲಿ ಆರ್ಟಿಸ್ಟ್ ವಿಲೇಜ್ ಒಂದು. ಅದರ ಅಂಗಳ ಹೋದರೆ ಆ ಸಮರ್ಥನೆಯೂ ಹೋಗುತ್ತದೆ.

ಎದುರು ವಾದವನ್ನು ಹಗುರಾಗಿ ಕಾಣಬಾರದು. ಥಾಣೆಯ ಶೀಲ್‌ಫಾಟಾ ಬಳಿ 2013ರ ಏಪ್ರಿಲ್ 4ರಂದು ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು. ಮುಂಬ್ರಾ, ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಪ್ರತಿ ಮಳೆಗಾಲಕ್ಕೂ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡುತ್ತದೆ. ತಲೆಯ ಮೇಲಿನ ಸ್ಲ್ಯಾಬು ಯಾವಾಗ ಬೀಳುತ್ತದೋ ಎಂದು ಮಲಗುವವರಿಗೆ ರೀಡೆವಲಪ್‌ಮೆಂಟ್ ಬೇಡವೆನ್ನುವ ಹಕ್ಕು ಯಾವ ಪ್ರಬಂಧಕ್ಕೂ ಇಲ್ಲ. ಠಾಣೆಯ ಕ್ಲಸ್ಟರ್ ಯೋಜನೆಗಳ ಹಿಂದಿನ ಅಗತ್ಯ ನಿಜವಾದದ್ದು. ಆದರೆ ಅಲ್ಲಿಯ ಔಷಧಿಯನ್ನು ಇಲ್ಲಿಗೆ ಹಾಕುವುದು ವೈದ್ಯವಲ್ಲ. ಬೇಲಾಪುರದ ಮನೆ ಶಿಥಿಲವಾದರೆ ಅದೊಂದನ್ನೇ ಕೆಡವಿ ಕಟ್ಟಬಹುದು. ಗೋಡೆ ಹಂಚಿಕೊಳ್ಳದಿರುವ ನಿಯಮ ಇರುವುದೇ ಅದಕ್ಕೆ. ಇಡೀ ಬಡಾವಣೆಯನ್ನು ಒಟ್ಟುಗೂಡಿಸಿ ಗೋಪುರ ಎಬ್ಬಿಸಬೇಕಾದ ಅನಿವಾರ್ಯತೆ ಅಲ್ಲಿ ರಚನೆಯಲ್ಲೇ ಇಲ್ಲ.

ಜನ ಹೆಚ್ಚು, ನೆಲ ಕಡಿಮೆ, ಅಂಗಳ ಶೋಕಿ ಎಂಬುದು ಎರಡನೆಯ ವಾದ. 550 ಮನೆಗಳಲ್ಲಿ ತಲಾ ಐವರೆಂದರೂ 2,750 ಜನ. 6 ಹೆಕ್ಟೇರಿಗೆ ಭಾಗಿಸಿದರೆ ಹೆಕ್ಟೇರಿಗೆ 450ಕ್ಕೂ ಮಿಕ್ಕಿ. ಲಿಫ್ಟಿಲ್ಲ, ಮೇಲಕ್ಕೆ ನೀರೆತ್ತುವ ದೊಡ್ಡ ಪಂಪಿಲ್ಲ, ತಿಂಗಳ ಮೆಂಟೆನೆನ್ಸ್ ಕಟ್ಟಲಾಗದೆ ಮನೆ ಮಾರುವ ಪ್ರಸಂಗವಿಲ್ಲ. ಗೋಪುರ ಇನ್ನೂ ಹೆಚ್ಚು ಜನರನ್ನು ಹಿಡಿಸಬಹುದು, ನಿಜ. ಆದರೆ ಗೋಪುರದಲ್ಲಿ ಉಳಿಯುವವರು ಯಾರು? 2023ರ ನವೆಂಬರಿನಲ್ಲಿ ಬೇಲಾಪುರದಿಂದ ಮೆಟ್ರೋ ಹೊರಟಿತು, 2024ರ ಜನವರಿಯಲ್ಲಿ ಅಟಲ್ ಸೇತು ತೆರೆಯಿತು, 2025ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಇಂಥ ಊರಿನಲ್ಲಿ ಏಳುವ ಗೋಪುರ ಯಾರ ಜೇಬನ್ನು ಎಣಿಸಿ ಏಳುತ್ತದೆಂದು ಹೇಳಬೇಕಿಲ್ಲ. ಹೆಚ್ಚು ಜನಕ್ಕೆ ಮನೆ ಎಂಬ ಮಾತು ಬೇರೆ, ಹೆಚ್ಚು ಬೆಲೆಗೆ ಮನೆ ಎಂಬುದು ಬೇರೆ.

ಹಾಗಾದರೆ ಮಾಡಬೇಕಾದದ್ದೇನು? ಆರ್ಟಿಸ್ಟ್ ವಿಲೇಜನ್ನು ಸ್ಮಾರಕವೆಂದು ಘೋಷಿಸಬೇಡಿ. ಘೋಷಿಸಿದ ಮರುದಿನವೇ ನಿವಾಸಿ ಕಿಟಕಿ ಬದಲಿಸಲೂ ಅರ್ಜಿ ಹಿಡಿದು ಅಲೆಯಬೇಕು. ಅದರ ಬದಲು ಮೂರು ನಿಯಮ ಸಾಕು. ಒಂದು, ಪ್ರತಿ ಅಂಗಳವನ್ನೂ ಅಳೆದು ನಂಬರು ಕೊಟ್ಟು ನಕ್ಷೆಯಲ್ಲಿ ದಾಖಲಿಸಿ, ಅದರ ಮೇಲೆ ಕಟ್ಟುವುದನ್ನೂ ಅದಕ್ಕೆ ಗೇಟು ಹಾಕುವುದನ್ನೂ ನಿಷೇಧಿಸಬೇಕು. ಕಟ್ಟುವುದನ್ನು ತಡೆಯುವ ಮಟ್ಟಿಗೆ 1931ರಲ್ಲಿ ಲಂಡನ್ ಮಾಡಿದ್ದು ಇದನ್ನೇ. ಎರಡು, ಅಂಗಳದ ಅಗಲಕ್ಕೆ ತಕ್ಕಂತೆ ಸುತ್ತಲ ಮನೆಗಳ ಎತ್ತರಕ್ಕೆ ಮಿತಿ ಹಾಕಬೇಕು. ಆ ಮಿತಿಯೊಳಗೆ ಮನೆಯವರು ಯಾರನ್ನೂ ಕೇಳದೆ ಏನನ್ನಾದರೂ ಕಟ್ಟಿಕೊಳ್ಳಲಿ. ಮೂರು, ಮಿತಿ ಮೀರಬೇಕಾದಾಗ ಉಳಿದ ಆರು ಮನೆಗೂ ಲಿಖಿತ ನೋಟಿಸು ಹೋಗಬೇಕು, ಅವರ ತಕರಾರು ಕೇಳಬೇಕು. ಇಂಗ್ಲಿಷರು ನಡುಗೋಡೆಗೆ ಮಾಡಿದ್ದನ್ನು ಇಲ್ಲಿ ನಡು ಅಂಗಳಕ್ಕೆ ಮಾಡಬೇಕು.

ಇದಕ್ಕೆ ಅಸ್ತ್ರವೂ ಕೈಯಲ್ಲೇ ಇದೆ. ಬೆಡ್‌ಫರ್ಡ್ ಡ್ಯೂಕರಂತೆ ಸಿಡ್ಕೋ ಕೂಡ ನೆಲವನ್ನು ಮಾರುವುದಿಲ್ಲ, ಸಾಮಾನ್ಯವಾಗಿ 60 ವರ್ಷದ ಲೀಸಿಗೆ ಕೊಡುತ್ತದೆ. ಲೀಸು ಕಿತ್ತುಹಾಕಿ ನೆಲ ಸ್ವಂತಕ್ಕೆ ಕೊಡಿ ಎಂಬ ನಿವಾಸಿಗಳ ಬೇಡಿಕೆ ನ್ಯಾಯವಾದದ್ದೇ. ವರ್ಗಾವಣೆ ಶುಲ್ಕಕ್ಕೂ ಎನ್‌ಒಸಿಗೂ ಅಲೆದು ಸುಸ್ತಾದವರ ಬೇಡಿಕೆ ಅದು. ಕೊಡಲಿ. ಆದರೆ ಕೊಡುವ ಕಾಗದದಲ್ಲಿ ಅಂಗಳದ ಷರತ್ತು ಇರಲಿ. ಮನೆ ನಿನ್ನದು, ಅಂಗಳ ಏಳು ಮನೆಯದು ಎಂಬ ಒಂದು ಸಾಲು. ಆ ಸಾಲಿಲ್ಲದೆ ಲೀಸು ಹೋದರೆ, ಕಟ್ಟದೆ ಬಿಟ್ಟ ಜಾಗವನ್ನು ಕೇಳುವವರೇ ಇರುವುದಿಲ್ಲ.

ಈ ಕೆಲಸಕ್ಕೆ ವಾಸ್ತುಶಿಲ್ಪಿಗಳ ಮೆರವಣಿಗೆ ಬೇಕಿಲ್ಲ. 2015ರಲ್ಲಿ ತೀರಿಕೊಂಡ ಕೊರಿಯಾಗೆ ಇನ್ನೊಂದು ಶ್ರದ್ಧಾಂಜಲಿಯೂ ಬೇಕಿಲ್ಲ. ಹೆಂಚಿನ ಫೋಟೋ ಹಿಡಿದು ಬರುವವರು ಮುಂದಿನ ಸಲ ಅಳತೆಪಟ್ಟಿ ಹಿಡಿದು ಬರಲಿ, ಅಂಗಳಗಳನ್ನು ಅಳೆದು ನಿವಾಸಿಗಳ ಕೈಗೆ ನಕ್ಷೆ ಕೊಡಲಿ. ನಿವಾಸಿಗಳು ಮುಂದೆ ಸೊಸೈಟಿಯ ಸಭೆಯಲ್ಲಿ ಯಾವುದಾದರೂ ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಲಿ: ನಮ್ಮ ಏಳು ಮನೆಗೆ ಎಷ್ಟು ಚದರ ಅಡಿ ಸಿಗುತ್ತದೆ ಎಂದು ಹೇಳಿದಿರಿ, ಎಂಟನೆಯದು ಯಾರಿಗೆ?